ಎರಡು ಆರ್ಡರ್, ಒಂದು ಸುಳ್ಳು



ನಿನ್ನೆ ರಾತ್ರಿ ನಮ್ಮ ಕೇರಿಯ ಹುಡುಗಿ ಫೋನ್ ಮಾಡಿದ್ಲು. "ಚಿಕ್ಕಪ್ಪ, ಎರಡು ಕೆಲಸ ಸಿಕ್ಕಿದೆ, ಯಾವುದಕ್ಕೆ ಹೋಗ್ಲಿ?" ಥಟ್ಟಂತ ಹೇಳೋಕೆ ಆಗಲಿಲ್ಲ.

2003ರಲ್ಲಿ ಬಿಎ ಮುಗಿಸಿದ್ದ ನನ್ನ ಕೈಯಲ್ಲೂ ಎರಡು ಪತ್ರ ಇದ್ದವು. ಒಂದು ಬೆಂಗಳೂರಿನ ಖಾಸಗಿ ಫೈನಾನ್ಸ್ ಕಂಪನಿಯದು. ತಿಂಗಳಿಗೆ 7,500, ವಸೂಲಿ ಚೆನ್ನಾಗಿ ಮಾಡಿದ್ರೆ ಮೇಲೆ ಇನ್ಸೆಂಟಿವ್. ಇನ್ನೊಂದು ಸರ್ಕಾರಿ ಕಚೇರಿಯ ಎಸ್‌ಡಿಎ ಕೆಲಸ. ಪರಿಶಿಷ್ಟರಿಗೆ ಮೀಸಲಾಗಿ ಭರ್ತಿಯಾಗದೆ ಉಳಿದ ಹುದ್ದೆಗಳಿಗೆ 2001ರಲ್ಲಿ ಬಂದ ವಿಶೇಷ ನೇಮಕಾತಿ ನಿಯಮದಡಿ ಸಿಕ್ಕಿದ್ದು. ಸಂಬಳ ಕಡಿಮೆ. ಆದೇಶದಲ್ಲೇ 'ಪ.ಜಾ. ಬ್ಯಾಕ್‌ಲಾಗ್' ಅಂತ ಟೈಪಾಗಿತ್ತು.

ನಿಜ ಹೇಳ್ತೀನಿ, ಮನಸ್ಸು ಫೈನಾನ್ಸ್ ಕಡೆಗೇ ಇತ್ತು. ಬರೀ ದುಡ್ಡಿಗಲ್ಲ. ಅಲ್ಲಿ ಯಾರೂ ಜಾತಿ ಕೇಳಿರಲಿಲ್ಲ.

ಸೇರೋ ಮುಂಚೆ ಬೆಂಗಳೂರಲ್ಲಿ ರೂಮು ನೋಡೋಕೆ ಹೋದೆ. ಓನರಮ್ಮ ಅಡ್ವಾನ್ಸ್ ಮಾತಾಡಿ, ಬೀಗದ ಕೈ ಹಿಡ್ಕೊಂಡೇ "ನೀವು ಯಾವ ಜನ?" ಅಂದ್ರು. ನನ್ನ ಬಾಯಿಂದ ಬೇರೆ ಜಾತಿ ಹೆಸರು ಬಂತು. ಎಷ್ಟು ಸಲೀಸಾಗಿ ಬಂತು ಅಂದ್ರೆ ನನಗೇ ಭಯ ಆಯ್ತು. ನಾಳೆ ಅವ್ವ ನೋಡೋಕೆ ಬಂದ್ರೆ? ಅವಳಿಗೂ ಈ ಸುಳ್ಳು ಕಲಿಸಬೇಕಾ? 1917ರಲ್ಲಿ ಬಾಬಾಸಾಹೇಬರು ಬರೋಡಾದಲ್ಲಿ ಪಾರ್ಸಿ ಹೆಸರಲ್ಲಿ ತಂಗಬೇಕಾಗಿ ಬಂದ ಕತೆಯನ್ನ ಆಗಿನ್ನೂ ನಾನು ಓದಿರಲಿಲ್ಲ.

ಊರಿಗೆ ವಾಪಸ್ ಬಂದೆ. ಅವ್ವ ಕೇಳಿದ್ದು ಒಂದೇ: "ಆ ಕಂಪ್ನಿಯೋರು ಬ್ಯಾಡ ಅಂದ್ರೆ ಯಾರನ್ ಕೇಳ್ತೀಯ ಮಗ?"

ಸರ್ಕಾರಿ ಕೆಲಸಕ್ಕೆ ಸೇರಿದೆ. ಅಲ್ಲೇನು ಹೂವಿನ ಹಾಸಿಗೆ ಇರಲಿಲ್ಲ. ಹೆಸರು ಬಿಟ್ಟು 'ಬ್ಯಾಕ್‌ಲಾಗ್' ಅಂತಲೇ ಕರೆದ್ರು. ಮೂರು ವರ್ಷ ಟಪಾಲು ಬಿಟ್ಟು ಬೇರೆ ಕೇಸ್ ವರ್ಕ್ ಕೊಡಲಿಲ್ಲ. ನಾನು ಬರವಣಿಗೆಯಲ್ಲಿ ಕೇಳಿದೆ, ಸ್ವೀಕೃತಿ ತಗೊಂಡೆ, ಮತ್ತೆ ಕೇಳಿದೆ. ನಾಲ್ಕನೇ ವರ್ಷ ಕೊಟ್ರು. ಫೈನಾನ್ಸ್‌ನಲ್ಲಾಗಿದ್ರೆ ಎರಡನೇ ಅರ್ಜಿಗೇ ಮನೆಗೆ ಕಳಿಸ್ತಿದ್ರು. ಇನ್ನೊಂದು ಲಾಭ ಆಗ ಗೊತ್ತಿರಲಿಲ್ಲ: 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದ್ದಕ್ಕೆ ಹಳೇ ಪಿಂಚಣಿ ಉಳೀತು.

ಹಾಗಾದ್ರೆ ಆ ಹುಡುಗಿಗೆ "ಸರ್ಕಾರಿನೇ ಹಿಡಿ ಮಗಳೇ" ಅನ್ನಬಹುದಿತ್ತಲ್ಲ? ಅಲ್ಲೇ ಇರೋದು ಕಷ್ಟ. ಅವಳಿಗೆ ಸಿಕ್ಕಿರೋದು ಸರ್ಕಾರಿ ಕಚೇರಿಯ ಕುರ್ಚಿ ಮಾತ್ರ. ಡಾಟಾ ಎಂಟ್ರಿ, ಏಜೆನ್ಸಿ ಮೂಲಕ, ಹೊರಗುತ್ತಿಗೆ. ಸೇವಾ ಪುಸ್ತಕ ಇಲ್ಲ. ಇನ್ನೊಂದು, ಆನ್‌ಲೈನ್ ಸಾಮಾನಿನ ಗೋಡೌನ್‌ನಲ್ಲಿ ಲೆಕ್ಕ ಬರೆಯೋದು. ಸಂಬಳ ಎರಡು ಸಾವಿರ ಜಾಸ್ತಿ, ನೈಟ್ ಶಿಫ್ಟ್ ಇದೆ. ನನ್ನ ಅವ್ವನ ಪ್ರಶ್ನೆ ಎರಡಕ್ಕೂ ಅನ್ವಯಿಸುತ್ತೆ.

ಭಾನುವಾರ ಎರಡೂ ಪತ್ರ ತಗೊಂಡು ಬಾ ಅಂದಿದ್ದೀನಿ. ಪಿಎಫ್ ಯಾರು ಕಟ್ತಾರೆ, ಇಎಸ್‌ಐ ಇದೆಯಾ, ರಾತ್ರಿ ವಾಪಸ್ ಬರೋಕೆ ಗಾಡಿ ಕೊಡ್ತಾರಾ, ಕೂತು ಓದ್ಬೇಕು. ಗೋಡೌನ್ ಕೆಲಸ ಮಾಡ್ತಿರೋ ಸಂಗಾತಿಗಳು ಯಾರಾದ್ರೂ ಇದ್ರೆ ಶನಿವಾರದೊಳಗೆ ನನಗೊಂದು ಫೋನ್ ಮಾಡಿ.