ಕೆಸರಿನ ಮೇಲೆ ನಿಂತ ಕಾಡು

ಭಿತರಕನಿಕಾದಲ್ಲಿ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ದಿನಕ್ಕೆ ಎರಡು ಸಲ ಬಂಗಾಳ ಕೊಲ್ಲಿ ಉಕ್ಕಿ ನದಿಗಳ ಬಾಯಿಂದ ಒಳಗೆ ನುಗ್ಗುತ್ತದೆ, ಮರಗಳನ್ನು ಮೊಣಕಾಲವರೆಗೆ ಮುಳುಗಿಸುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಸರಿದ ಮೇಲೆ ಉಳಿಯುವುದು ಹೊಳೆಯುವ ಬೂದು ಕೆಸರು. ಆ ಕೆಸರನ್ನು ಮೊದಲ ಸಲ ನೋಡಿದವನಿಗೆ ಕಣ್ಣು ಕೀಳಲು ಮನಸ್ಸಾಗುವುದಿಲ್ಲ.

ಊರು ಒಡಿಶಾದ ಕೇಂದ್ರಪಾಡಾ ಜಿಲ್ಲೆಯದು. ಬ್ರಾಹ್ಮಣಿ, ಬೈತರಣಿ ನದಿಗಳು ಕವಲೊಡೆದು ಕಡಲು ಸೇರುವ ಈ ಮ್ಯಾಂಗ್ರೋವ್ ಕಾಡು ಹಿಂದೆ ಕನಿಕಾ ರಾಜರ ಬೇಟೆಯ ತಾಣ. 1975ರಲ್ಲಿ 672 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅದರೊಳಗಿನ 145 ಚದರ ಕಿಲೋಮೀಟರ್ 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಖೋಲಾ ಎಂಬಲ್ಲಿ ದೋಣಿ ಹತ್ತಿದಾಗ ಚಳಿಗಾಲದ ಬೆಳಗು, ನೀರು ಇಳಿಯುತ್ತಿತ್ತು. ಕಿರಿದಾದ ಕಾಲುವೆಯ ಎರಡೂ ದಂಡೆಯಲ್ಲಿ ಬೇರುಗಳು ತಲೆಕೆಳಗಾಗಿ ನಿಂತಿದ್ದವು. ಹೌದು, ತಲೆಕೆಳಗಾಗಿಯೇ. ಕೆಸರಿನೊಳಗೆ ಗಾಳಿಯಿಲ್ಲದ ಕಾರಣ ಬಾನಿ ಎಂಬ ಮರ ತನ್ನ ಬೇರುಗಳನ್ನು ಸಾವಿರಾರು ಮೊಳೆಗಳಂತೆ ಮೇಲಕ್ಕೆ ಕಳಿಸಿ ಉಸಿರಾಡುತ್ತದೆ. ಹೀರಿಕೊಂಡ ಉಪ್ಪನ್ನು ಎಲೆಗಳಿಂದ ಹೊರಹಾಕುತ್ತದೆ. ಎಲೆಯನ್ನು ನಾಲಿಗೆಗೆ ಮುಟ್ಟಿಸಿದೆ, ಉಪ್ಪು! ಇನ್ನೊಂದು ಜಾತಿಯ ಮರ ಬೀಜವನ್ನು ನೆಲಕ್ಕೆ ಬೀಳಿಸುವುದೇ ಇಲ್ಲ. ಬೀಜ ತಾಯಿಮರದಲ್ಲೇ ಮೊಳೆತು, ಗೇಣುದ್ದ ಬೆಳೆದು, ಆಮೇಲೆ ಕೆಸರಿಗೆ ಇಳಿಯುತ್ತದೆ. ಭೂಮಿಯ ಮೇಲೆ ಮರಕ್ಕೆ ಇದಕ್ಕಿಂತ ಕಷ್ಟದ ಜಾಗ ಹೆಚ್ಚಿಲ್ಲ, ಆದರೂ ಇಲ್ಲಿನ ಹಸಿರಿನ ದಟ್ಟಣೆ ನಮ್ಮ ಘಟ್ಟದ ಕಾಡನ್ನೂ ನಾಚಿಸುತ್ತದೆ.

ಬೇರುಗಳ ನಡುವೆ ಮೀನುಗಳು ನಡೆಯುತ್ತಿದ್ದವು. ಹೆಬ್ಬೆರಳು ಗಾತ್ರದವು, ನೆತ್ತಿಯ ಮೇಲೆ ಕಣ್ಣು. ಎದೆಯ ರೆಕ್ಕೆಗಳನ್ನು ಊರಿ ಕೆಸರಿನ ಮೇಲೆ ಕುಪ್ಪಳಿಸುತ್ತ ಹೋಗುತ್ತವೆ. ಪಕ್ಕದಲ್ಲೇ ಒಂದೇ ಒಂದು ದೊಡ್ಡ ಕೊಂಡಿಯ ಕೆಂಪು ಏಡಿಗಳು. ಗಂಡುಗಳೆಲ್ಲ ಆ ಕೊಂಡಿಯನ್ನು ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತಿದ್ದವು. ನಾನು ಈ ಪುಟ್ಟ ಜೀವಗಳಲ್ಲೇ ಮುಳುಗಿ ಹೋಗಿ ಅಂಚಿನಿಂದ ಬಾಗಿದ್ದೆ.

"ಬಾಬು, ಕೈ ಒಳಗೆ ಇಟ್ಟುಕೊಳ್ಳಿ," ಎಂದರು ದೋಣಿಯವರು ಹಿಂದಿಯಲ್ಲಿ. ದನಿಯಲ್ಲಿ ಗಾಬರಿಯಿಲ್ಲ. ಹತ್ತು ಮಾರು ಮುಂದೆ ದಂಡೆಯ ಮೇಲೆ ಮಲಗಿದ್ದುದನ್ನು ನಾನು ಅಷ್ಟು ಹೊತ್ತು ಮರದ ದಿಮ್ಮಿ ಎಂದುಕೊಂಡಿದ್ದೆ.

ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆ ನೋಡಿದವರು ಅದನ್ನು ಮನಸ್ಸಿನಿಂದ ಪಕ್ಕಕ್ಕಿಡಬೇಕು. ಇದು ಉಪ್ಪುನೀರಿನ ಮೊಸಳೆ, ಈಗ ಬದುಕಿರುವ ಸರೀಸೃಪಗಳಲ್ಲೇ ಅತಿ ದೊಡ್ಡದು. ಒಡಿಯಾದಲ್ಲಿ ಬೌಲಾ ಕುಂಭೀರ. ಇಲ್ಲಿನ ಗಣತಿಗಳಲ್ಲಿ 20 ಅಡಿ ಮೀರಿದವೂ ದಾಖಲಾಗಿವೆ. ನಮ್ಮ ಮುಂದಿದ್ದದ್ದು ಅಷ್ಟಿರಲಿಲ್ಲ. ಬಾಯಿ ತೆರೆದೇ ಇತ್ತು, ಹಲ್ಲುಗಳು ಹಳದಿ. ದೋಣಿ ಹತ್ತಿರ ಬಂದಂತೆ ಅದು ಎದ್ದು ಓಡಲಿಲ್ಲ. ಕೆಸರಿನ ಮೇಲೆ ಜಾರಿ, ಒಂದು ಹನಿಯೂ ಸಿಡಿಯದಂತೆ ನೀರಿನೊಳಗೆ ಹೋಯಿತು. ನೀರು ಕಲಕಲೂ ಇಲ್ಲ. ಆ ಗಾತ್ರದ ದೇಹ ಹಾಗೆ ಇಲ್ಲವಾದದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

1975ರಲ್ಲಿ ಈ ನದಿಗಳಲ್ಲಿ ಉಳಿದಿದ್ದ ಈ ಮೊಸಳೆಗಳು ನೂರರೊಳಗೆ. ಚರ್ಮದ ಆಸೆಗೆ ಕೊಂದು ಮುಗಿಸಿದ್ದರು. ಆಗ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞ ಎಚ್. ಆರ್. ಬಸ್ಟರ್ಡ್ ಅವರ ಮಾರ್ಗದರ್ಶನದಲ್ಲಿ ಇಲ್ಲಿನ ದಂಗಮಾಲ್‌ನಲ್ಲಿ ಕೆಲಸ ಶುರುವಾಯಿತು. ಕಾಡಿನ ಗೂಡುಗಳಿಂದ ಮೊಟ್ಟೆ ತಂದು, ಮರಿ ಮಾಡಿಸಿ, ತಮ್ಮನ್ನು ತಾವು ಕಾಪಾಡಿಕೊಳ್ಳುವಷ್ಟು ಬೆಳೆಸಿ ಮತ್ತೆ ನದಿಗೆ ಬಿಡುವುದು. ಸರಳವಾಗಿ ಕೇಳಿಸುತ್ತದೆ, ಆದರೆ ಕೈಯಲ್ಲಿ ಬೆಳೆಸಿದ್ದು ಕಾಡಿನಲ್ಲಿ ಬದುಕಿ, ಗೂಡು ಕಟ್ಟಿ, ಸಂತಾನ ಮುಂದುವರಿಸಿದಾಗ ಮಾತ್ರ ಅದು ಗೆಲುವು. ಇಲ್ಲಿ ಗೆದ್ದಿತು. ಈಗ 1,800ಕ್ಕೂ ಹೆಚ್ಚು ಮೊಸಳೆಗಳಿವೆ. ಮಳೆಗಾಲದ ಹೊಸ್ತಿಲಲ್ಲಿ ಹೆಣ್ಣು ಎಲೆ, ಕೆಸರು ಗುಡ್ಡೆ ಹಾಕಿ ಮೊಟ್ಟೆಯಿಟ್ಟು ಪಕ್ಕದಲ್ಲೇ ಕಾವಲು ಕೂರುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ಗುಡ್ಡೆಯ ಶಾಖ ತೀರ್ಮಾನಿಸುತ್ತದೆ.

ಈ ಗೆಲುವಿಗೆ ಬೆಲೆ ತೆರುತ್ತಿರುವವರು ಸುತ್ತಲ ಹಳ್ಳಿಯವರು. ಸ್ನಾನಕ್ಕೆ, ಪಾತ್ರೆ ತೊಳೆಯಲು ನದಿಗಿಳಿದವರನ್ನು ಮೊಸಳೆ ಎಳೆದೊಯ್ದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಕೆಲವು ಸ್ನಾನಘಟ್ಟಗಳಲ್ಲಿ ನೀರಿನೊಳಗೇ ಬೇಲಿ ಹಾಕಿ, ಅದರ ಒಳಗೆ ಜನ ಮೀಯುತ್ತಾರೆ. ಮೊಸಳೆಯ ಸಂಖ್ಯೆ ಹೇಳಿ ಹೆಮ್ಮೆಪಡುವ ನಾವು ಆ ಬೇಲಿಯನ್ನೂ ನೋಡಿ ಬರಬೇಕು.

ಆದರೆ ಅದೇ ಜನರ ಬೆನ್ನಿಗೆ ನಿಂತಿರುವುದೂ ಇದೇ ಕಾಡು. 1999ರ ಅಕ್ಟೋಬರ್‌ನ ಮಹಾ ಚಂಡಮಾರುತ ಒಡಿಶಾದಲ್ಲಿ ಸಾವಿರಾರು ಜೀವ ತೆಗೆಯಿತು. ಆಮೇಲೆ ಕೇಂದ್ರಪಾಡಾದ ಹಳ್ಳಿಗಳ ಲೆಕ್ಕ ತೆಗೆದ ಸಂಶೋಧಕರು 2009ರಲ್ಲಿ ಪ್ರಕಟಿಸಿದ್ದು ಇಷ್ಟು: ಕಡಲಿಗೂ ಊರಿಗೂ ನಡುವೆ ಮ್ಯಾಂಗ್ರೋವ್ ಕಾಡು ಅಗಲವಾಗಿದ್ದ ಕಡೆ ಸಾವು ಕಡಿಮೆ. 2024ರಲ್ಲಿ ದಾನಾ ಚಂಡಮಾರುತ ನೆಲಕ್ಕೆ ಅಪ್ಪಳಿಸಿದ್ದೂ ಭಿತರಕನಿಕಾದ ಸಮೀಪದಲ್ಲೇ. ಮೊದಲ ಏಟು ತಿಂದವು ಈ ಮರಗಳು.

ನೋಡಲು ಇನ್ನೂ ಏನೇನೋ ಇದೆ. ಹೆಂತಾಲ್ ಈಚಲಿನ ಪೊದೆಯಲ್ಲಿ ಜಿಂಕೆ, ಆಳುದ್ದದ ಉಡ, ನೀಲಿ ಬೆನ್ನಿನ ಮಿಂಚುಳ್ಳಿಗಳು. ಮಳೆಗಾಲದಲ್ಲಿ ಬಗಗಹನ ಎಂಬಲ್ಲಿನ ಮರಗಳ ತುಂಬ ಬಾಯ್ಕಳಕ ಕೊಕ್ಕರೆ, ಬೆಳ್ಳಕ್ಕಿಗಳ ಗೂಡು. ಕಡಲ ಕಡೆಗಿರುವ ಗಹಿರಮಥಾ ತೀರಕ್ಕೆ ಮೊಟ್ಟೆಯಿಡಲು ಲಕ್ಷಗಟ್ಟಲೆ ಆಲಿವ್ ರಿಡ್ಲಿ ಕಡಲಾಮೆಗಳು ಬರುತ್ತವೆ. ಅದೇ ಜಾತಿಯ ಆಮೆಗಳು ನಮ್ಮ ಕರಾವಳಿಯ ಮರಳಿಗೂ ಸಣ್ಣ ಸಂಖ್ಯೆಯಲ್ಲಿ ಬರುತ್ತವೆ.

ನಮ್ಮಲ್ಲೂ ಈ ಕಾಡಿದೆ. ಅಘನಾಶಿನಿಯ ಅಳಿವೆಯಲ್ಲಿ, ಹೊನ್ನಾವರದ ಶರಾವತಿ ದಂಡೆಯಲ್ಲಿ, ಕುಂದಾಪುರದ ಹಿನ್ನೀರಿನಲ್ಲಿ ಕಾಂಡ್ಲಾ ಎಂದು ಕರೆಯುವುದು ಇದರ ಒಡಹುಟ್ಟುಗಳನ್ನೇ. ಕರಾವಳಿಯವರು ಭಿತರಕನಿಕಾಕ್ಕೆ ಹೋಗುವ ಮೊದಲು ಅವನ್ನೊಮ್ಮೆ ನೋಡಿ ಹೋದರೆ ಅಲ್ಲಿ ಕಾಣುವುದು ದುಪ್ಪಟ್ಟಾಗುತ್ತದೆ.

ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಮೈ ಕಾಯಿಸಲು ಮೊಸಳೆಗಳು ದಂಡೆಗೆ ಬರುವುದು ಆಗಲೇ. ಮೇ 1ರಿಂದ ಜುಲೈ 31ರವರೆಗೆ ಅವು ಗೂಡು ಕಟ್ಟುವ ಕಾಲವಾದ್ದರಿಂದ ಉದ್ಯಾನ ಮುಚ್ಚಿರುತ್ತದೆ. ದೋಣಿ ಗೊತ್ತುಮಾಡುವ ಮುನ್ನ ಇಳಿತದ ಹೊತ್ತು ಯಾವುದೆಂದು ಕೇಳಿಕೊಳ್ಳಿ. ನೀರು ತುಂಬಿದಾಗ ಹೋದರೆ ಬೇರು, ಏಡಿ, ಮೊಸಳೆ ಯಾವುದೂ ಸರಿಯಾಗಿ ಕಾಣುವುದಿಲ್ಲ.