ಉತ್ಕಿಯಾಗ್ವಿಕ್: ಮಂಜಿನಡಿಯ ತಿಮಿಂಗಿಲಗಳು

ಅಮೆರಿಕದ ಅಲಾಸ್ಕಾ ರಾಜ್ಯದ ಉತ್ತರ ತುದಿಯಲ್ಲಿ, 71ನೆಯ ಅಕ್ಷಾಂಶದ ಆಚೆ, ಆರ್ಕ್ಟಿಕ್ ಕಡಲಿಗೆ ಮುಖಮಾಡಿ ಒಂದು ಊರಿದೆ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಮೇ ತಿಂಗಳ ನಡುವಿನಿಂದ ಜುಲೈ ಮುಗಿಯುವವರೆಗೆ ಸೂರ್ಯ ಮುಳುಗುವುದೂ ಇಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬನ ನೆನಪಿಗೆ ಇಟ್ಟ ‘ಬ್ಯಾರೋ’ ಎಂಬ ಹೆಸರು ಬಹುಕಾಲ ನಕಾಶೆಯಲ್ಲಿತ್ತು. 2016ರಲ್ಲಿ ಊರವರು ಮತ ಹಾಕಿ, ಇನೂಪಿಯಾಕ್ ಭಾಷೆಯ ‘ಉತ್ಕಿಯಾಗ್ವಿಕ್’ ಎಂಬ ಹೆಸರನ್ನು ಮರಳಿ ಪಡೆದರು. ಊರಹೆಸರಿನ ಬೆಲೆಯನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿನ ಬದುಕು ಬೋಹೆಡ್ ತಿಮಿಂಗಿಲದ ಸುತ್ತ ಹೆಣೆದದ್ದು. ವಸಂತದಲ್ಲಿ ದಡಕ್ಕೆ ಅಂಟಿದ ಮಂಜುಗಡ್ಡೆಗೂ ಆಚೆ ತೇಲುವ ಗಡ್ಡೆಗೂ ನಡುವೆ ನೀರಿನ ಓಣಿಯೊಂದು ತೆರೆಯುತ್ತದೆ. ಬೇಟೆಗಾರರು ಅದರ ಅಂಚಿನಲ್ಲಿ ಬೀಡುಬಿಟ್ಟು, ಸೀಲ್ ಚರ್ಮ ಹೊದಿಸಿದ ಉಮಿಯಾಕ್ ದೋಣಿಯನ್ನು ಸದ್ದಿಲ್ಲದೆ ಹುಟ್ಟುಹಾಕಿ ನಡೆಸುತ್ತಾರೆ. ಆ ಚರ್ಮವನ್ನು ಹೊಲಿಯುವವರು ಹೆಂಗಸರು. ದೊರೆತ ಮಾಂಸ ಊರಿಗೆಲ್ಲ ಹಂಚಿಕೆಯಾಗುತ್ತದೆ.

1848ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊರಗಿನ ವ್ಯಾಪಾರಿ ಹಡಗುಗಳು ಎಣ್ಣೆಗಾಗಿ ಈ ತಿಮಿಂಗಿಲಗಳನ್ನು ಕೊಂದು ಅಳಿವಿನಂಚಿಗೆ ತಂದವು. ಅದರ ದಂಡ ತೆರಬೇಕಾಗಿ ಬಂದದ್ದು ಇನೂಪಿಯಾಟರಿಗೆ. ಉಳಿದಿರುವ ಸಂಖ್ಯೆ ಎರಡು ಸಾವಿರದೊಳಗೆ ಎಂಬ ಅಂದಾಜನ್ನು ಹಿಡಿದು, 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಬೇಟೆಯನ್ನೇ ನಿಷೇಧಿಸಿತು.

ಎಣಿಸಿದವರು ಮಂಜಿನ ದಿಬ್ಬದ ಮೇಲೆ ಕುಳಿತು, ನೀರಿನ ಓಣಿಯಲ್ಲಿ ಕಂಡದ್ದನ್ನು ಲೆಕ್ಕ ಹಾಕಿದ್ದರು. ತಿಮಿಂಗಿಲಗಳು ಗಡ್ಡೆಯನ್ನು ತಪ್ಪಿಸಿ ಓಣಿಯಲ್ಲೇ ಸಾಗುತ್ತವೆಂಬುದು ಅವರ ನಂಬಿಕೆ. ಬೇಟೆಗಾರರು ಒಪ್ಪಲಿಲ್ಲ. ಅವು ಗಡ್ಡೆಯ ಅಡಿಯಲ್ಲೂ ಈಜುತ್ತವೆ, ತಲೆಯಿಂದ ಮಂಜನ್ನು ಒಡೆದು ಉಸಿರಾಡುತ್ತವೆ, ದಡದಿಂದ ಬಹುದೂರದಲ್ಲೂ ಹಾದುಹೋಗುತ್ತವೆ ಎಂದರು.

ಮುಂದೆ ನಡೆದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಆ ಪ್ರದೇಶದ ಸ್ಥಳೀಯಾಡಳಿತವೇ ತೈಲದ ತೆರಿಗೆಯ ಹಣದಿಂದ ವಿಜ್ಞಾನಿಗಳನ್ನು ನೇಮಿಸಿತು. ಪಶುವೈದ್ಯ ಥಾಮಸ್ ಆಲ್ಬರ್ಟ್ ಅವರು ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಅವರ ಮಾತನ್ನು ಕಟ್ಟುಕತೆಯೆಂದು ತಳ್ಳದೆ, ಪರೀಕ್ಷೆಗೆ ತಕ್ಕ ಹೇಳಿಕೆಯೆಂದು ಸ್ವೀಕರಿಸಿದರು. 1980ರ ದಶಕದಲ್ಲಿ ನೀರಿಗೆ ಶ್ರವಣಯಂತ್ರಗಳನ್ನು ಇಳಿಬಿಟ್ಟಾಗ, ಕಣ್ಣಿಗೆ ಕಾಣದ ತಿಮಿಂಗಿಲಗಳ ಕೂಗು ಕೇಳಿಬಂತು. 2001ರ ಅಂದಾಜು 10,000 ದಾಟಿತು. 2011ರದು ಸುಮಾರು 17,000. ಈ ಏರಿಕೆಯೆಲ್ಲ ಎಣಿಕೆ ತಿದ್ದಿದ್ದರ ಫಲವಲ್ಲ. ಸಂತತಿಯೂ ನಿಜವಾಗಿ ಬೆಳೆದಿತ್ತು. ನಿಷೇಧ ಹೋಗಿ ಮಿತಿ ಬಂತು. ಅದನ್ನು ಪಾಲಿಸುವ ಹೊಣೆಯನ್ನು ಬೇಟೆಗಾರರೇ ಕಟ್ಟಿಕೊಂಡ ಆಯೋಗ ಹೊತ್ತಿದೆ.

ಬೋಹೆಡ್ ಎರಡು ಮನುಷ್ಯಾಯುಸ್ಸು ಬಾಳುತ್ತದೆಂದು ಹಿರಿಯರು ಹೇಳುತ್ತಿದ್ದರು. ಬೇಟೆಯಾದ ತಿಮಿಂಗಿಲಗಳ ಕೊಬ್ಬಿನಲ್ಲಿ ಹಳೆಯ ಕಲ್ಲಿನ ಈಟಿಮೊನೆಗಳು ದೊರೆತವು. ಕಣ್ಣಿನ ಮಸೂರದ ಪರೀಕ್ಷೆಯಲ್ಲಿ ಕೆಲವುಗಳ ವಯಸ್ಸು ನೂರನ್ನು ಮೀರಿತ್ತು.

ಈಗ ಕಡಲಮಂಜೇ ತೆಳುವಾಗುತ್ತಿದೆ. ಬೇಟೆಗಾರರು ಗಡ್ಡೆಯ ಮೇಲೆ ಕಡಿದ ದಾರಿಗಳುದ್ದಕ್ಕೂ ಅಲಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು ಉಪಕರಣ ಎಳೆದು, ಮಂಜಿನ ದಪ್ಪವನ್ನು ಅಳೆದು ನಕಾಶೆ ಬರೆದುಕೊಟ್ಟಿದ್ದಾರೆ. ಗಾಳಿ ತಿರುಗಿ ಪ್ರವಾಹ ಬಲವಾದಾಗ ಆ ಗಡ್ಡೆ ದಡ ಬಿಟ್ಟು ಕಳಚೀತೇ, ಬೀಡು ಎತ್ತಬೇಕೇ ಎಂಬುದನ್ನು ಮಾತ್ರ ದೋಣಿಯ ನಾಯಕನೇ ತೀರ್ಮಾನಿಸುತ್ತಾನೆ.