ಅಡ್ಮಿನ್ ಪಾಸ್‌ವರ್ಡ್ ಯಾರ ಕೈಲಿದೆ?

ಗೆಳೆಯರೇ, ನಮ್ಮ ಸಂಘಟನೆಗಳ ಆಫೀಸಲ್ಲಿ, ಕೇರಿಯ ಗ್ರಂಥಾಲಯಗಳಲ್ಲಿ ಈಗ ಒಂದಾದರೂ ಕಂಪ್ಯೂಟರ್ ಇದೆ. ಒಂದು ಪ್ರಶ್ನೆ ಕೇಳ್ತೀನಿ. ಕಂಪ್ಯೂಟರ್ ನಿಮ್ಮದು ಸರಿ, ಅದರ ಅಡ್ಮಿನ್ ಪಾಸ್‌ವರ್ಡ್ ಯಾರ ಕೈಲಿದೆ?

ಟೆಕ್ನಿಕಲ್ ವಿಷಯ ನಮಗ್ಯಾಕೆ ಅಂತ ಮುಂದೆ ಹೋಗಬೇಡಿ. ವಿಂಡೋಸ್‌ನಲ್ಲಿ ಎರಡು ಥರದ ಅಕೌಂಟ್ ಇರ್ತವೆ: ಅಡ್ಮಿನಿಸ್ಟ್ರೇಟರ್ ಮತ್ತು ಸ್ಟ್ಯಾಂಡರ್ಡ್ ಯೂಸರ್. ಸ್ಟ್ಯಾಂಡರ್ಡ್ ಯೂಸರ್ ಓದಬಹುದು, ಟೈಪ್ ಮಾಡಬಹುದು. ಗಡಿಯಾರದ ಟೈಮ್ ಬದಲಿಸೋಕೆ ಹೋದರೂ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. ಅಡ್ಮಿನ್ ಆದವನು ಮಾತ್ರ ಬೇರೆಯವರ ಫೋಲ್ಡರನ್ನೂ ತೆರೆದು ನೋಡಬಹುದು.

ನಮ್ಮ ಗ್ರಂಥಾಲಯದ ಕಂಪ್ಯೂಟರಲ್ಲಿ ಏನಿದೆ? ಆರ್‌ಟಿಐ ಅರ್ಜಿಗಳಿವೆ. ಮಕ್ಕಳ ಸ್ಕಾಲರ್‌ಶಿಪ್‌ಗೆ ಸ್ಕ್ಯಾನ್ ಮಾಡಿದ ಆಧಾರ್, ಜಾತಿ ಪ್ರಮಾಣಪತ್ರಗಳಿವೆ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕೊಡೋಕೆ ಬರೆದ ದೂರುಗಳಿವೆ, ಸಾಕ್ಷಿಗಳ ಫೋನ್ ನಂಬರ್ ಸಮೇತ. ಆ ನಂಬರು ಬೇರೆ ಕೈಗೆ ಹೋದರೆ ಸಂಜೆಯೊಳಗೆ ಮನೆ ಬಾಗಿಲಿಗೆ ರಾಜಿ ಪಂಚಾಯ್ತಿ ಬರುತ್ತೆ. ಸಂತ್ರಸ್ತರ, ಸಾಕ್ಷಿಗಳ ಹಕ್ಕುಗಳಿಗೆ ಅಂತಲೇ 2015ರ ತಿದ್ದುಪಡಿ ಕಾಯ್ದೆಗೆ 15ಎ ಕಲಂ ಸೇರಿಸಿತು. ಕಾನೂನು ಕಾಪಾಡಬೇಕು ಅನ್ನೋ ಹೆಸರನ್ನ ನಮ್ಮದೇ ಮಿಷಿನ್ ತೆರೆದಿಟ್ಟರೆ ಹೇಗೆ?

ನಮ್ಮಲ್ಲಿ ಪಾಸ್‌ವರ್ಡ್ ಇದ್ದದ್ದು ಕಂಪ್ಯೂಟರ್ ಮಾರಿದ ಅಂಗಡಿಯವರ ಹತ್ತಿರ. ಪ್ರಿಂಟರ್ ಹಾಕೋಕೂ ಅವರೇ ಬರಬೇಕು, ಬಂದಾಗಲೆಲ್ಲ ದುಡ್ಡು. ಪಾಸ್‌ವರ್ಡ್ ಕೊಡಿ ಅಂದಾಗ ಬಂದ ಉತ್ತರ: "ನಿಮಗ್ಯಾಕೆ ಅದೆಲ್ಲ? ಏನಾದ್ರೂ ಮುಟ್ಟಿ ಹಾಳು ಮಾಡ್ಕೋತೀರ." ಮುಟ್ಟಬೇಡಿ ಅನ್ನೋ ಮಾತು ನಮಗೆ ಹೊಸದಲ್ಲ. ಬಿಲ್ ತೋರಿಸಿ ಪಾಸ್‌ವರ್ಡ್ ಇಸ್ಕೊಂಡು ಬಂದ್ವಿ.

ಆಮೇಲೆ ಕೂತದ್ದು ನಾನು ಮತ್ತು ನಮ್ಮ ಕೇರಿಯ, ಬಿಎ ಓದ್ತಿರೋ ಒಬ್ಬ ಹೆಣ್ಣುಮಗಳು. ಯಾವ ಸಾಫ್ಟ್‌ವೇರೂ ಕೊಳ್ಳಲಿಲ್ಲ. ಬೇಕಾದದ್ದೆಲ್ಲ ವಿಂಡೋಸ್ ಒಳಗೇ ಇದೆ. ಕೀಬೋರ್ಡಲ್ಲಿ ವಿಂಡೋಸ್ ಕೀ ಹಿಡಿದು ಎಕ್ಸ್ ಒತ್ತಿ. ಬರೋ ಪಟ್ಟಿಯಲ್ಲಿ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್' ಅಂತಿರುತ್ತೆ. ಪ್ರೊ ಆವೃತ್ತಿ ಇದ್ದರೆ ಯಾರ್ಯಾರ ಅಕೌಂಟ್ ಇದೆ ಅನ್ನೋದು ಅದರೊಳಗೇ ಕಾಣುತ್ತೆ. ಹೋಮ್ ಆವೃತ್ತಿಯಲ್ಲಿ ಆ ಭಾಗ ಇರಲ್ಲ, ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ.

ಕ್ರಮ ಮುಖ್ಯ. ಮೊದಲು ಗ್ರಂಥಾಲಯದ ಹೆಸರಲ್ಲಿ ಹೊಸ ಅಡ್ಮಿನ್ ಅಕೌಂಟ್ ಮಾಡಿದ್ವಿ. ಅದರಲ್ಲಿ ಲಾಗಿನ್ ಆಗಿ ಸರಿಯಿದೆ ಅಂತ ನೋಡಿ, ಬೇಕಾದ ಫೈಲುಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡು, ಆಮೇಲಷ್ಟೇ ಅಂಗಡಿಯವರ ಅಕೌಂಟ್ ತೆಗೆದ್ವಿ. ಓದೋ ಮಕ್ಕಳಿಗೆ ಒಂದು, ದೂರು-ಅರ್ಜಿ ಬರೆಯೋರಿಗೆ ಇನ್ನೊಂದು ಸ್ಟ್ಯಾಂಡರ್ಡ್ ಅಕೌಂಟ್. ದಿನದ ಕೆಲಸಕ್ಕೆ ಅಡ್ಮಿನ್ ಅಕೌಂಟ್ ಬಳಸಲ್ಲ.

ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ಒಳಗೇ 'ಸರ್ವೀಸಸ್' ಅನ್ನೋ ಪಟ್ಟಿ ಇದೆ. ನಮ್ಮ ಕಣ್ಣಿಗೆ ಕಾಣದೆ ಹಿಂದೆ ಓಡೋ ಪ್ರೋಗ್ರಾಮುಗಳು ಅಲ್ಲಿರ್ತವೆ. ಆ ಹುಡುಗಿ ಒಂದೊಂದೇ ಓದ್ತಾ ಹೋಗಿ ಒಂದು ಕಡೆ ನಿಂತಳು. "ಅಣ್ಣ, ಇದು ದೂರದಿಂದ ನಮ್ಮ ಸ್ಕ್ರೀನ್ ನೋಡೋ ಸಾಫ್ಟ್‌ವೇರ್ ಅಲ್ವಾ?" ಹೌದು. ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗೇ ಶುರುವಾಗೋ ಹಾಗೆ ಇತ್ತು. ರಿಪೇರಿ ಸುಲಭ ಆಗಲಿ ಅಂತಲೇ ಹಾಕಿದ್ರೇನೋ, ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳಲ್ಲ. ಆದರೆ ನಮಗೆ ಹೇಳಿರಲಿಲ್ಲ, ಕೇಳಿರಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿದ್ವಿ. ಪಟ್ಟಿಯಲ್ಲಿ ಗೊತ್ತಿಲ್ಲದ ಬೇರೆ ಯಾವುದನ್ನೂ ಸುಮ್ಮನೆ ನಿಲ್ಲಿಸಬೇಡಿ, ಬಹಳಷ್ಟು ವಿಂಡೋಸ್‌ಗೇ ಬೇಕಾದವು.

'ಇವೆಂಟ್ ವ್ಯೂವರ್' ಅಂದರೆ ಕಂಪ್ಯೂಟರಿನ ದಿನಚರಿ. ಅದರ ಸೆಕ್ಯುರಿಟಿ ಭಾಗದಲ್ಲಿ 4624 ಅನ್ನೋ ನಂಬರ್ ಕಂಡರೆ ಒಂದು ಲಾಗಿನ್ ಆಗಿದೆ ಅಂತ ಅರ್ಥ. ವಿಂಡೋಸ್ ತನ್ನ ಕೆಲಸಕ್ಕೆ ಮಾಡಿಕೊಳ್ಳೋ ಲಾಗಿನ್ನುಗಳೂ ಅಲ್ಲೇ ಸೇರಿರ್ತವೆ, ಸಾಲು ಉದ್ದ ಇದೆ ಅಂತ ಹೆದರಬೇಡಿ.

ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಮಹಾಡ್ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನ ಕರ್ಕೊಂಡು ಹೋಗಿ ನೀರು ಮುಟ್ಟೋವರೆಗೂ ಅದು ಬರೀ ಕಾಗದ. ಕೆರೆ ನೀರಿಗೂ ಕಂಪ್ಯೂಟರಿಗೂ ಸಮ ಅಂತ ನಾನು ಹೇಳ್ತಿಲ್ಲ. ಇರೋ ಹಕ್ಕನ್ನ ಕೈಯಾರೆ ಬಳಸೋವರೆಗೂ ಅದು ನಮ್ಮದಾಗಲ್ಲ ಅನ್ನೋ ಪಾಠ ಮಾತ್ರ ಅಲ್ಲಿಂದಲೇ ಬಂದದ್ದು.

ಕೊನೇ ಮಾತು ನಮ್ಮವರಿಗೇ. ಹೊಸ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರ ಇದ್ದರೆ ಸಾಕು ಅಂತ ಕಮಿಟಿಯಲ್ಲಿ ಕೆಲವು ಹಿರಿಯರು ಹೇಳಿದ್ರು. ನಾನು ಒಪ್ಪಲಿಲ್ಲ. ಸೆಟ್ಟಿಂಗ್ ಮಾಡಿದವಳು ಅವಳು, ಕೀಲಿ ಮಾತ್ರ ನಮಗೆ ಅನ್ನೋದು ಯಾವ ನ್ಯಾಯ? ಈಗ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರವೂ ಇದೆ, ಅವಳ ಹತ್ತಿರವೂ ಇದೆ. ಭಾನುವಾರ ಮಧ್ಯಾಹ್ನ ಅವಳೇ ಉಳಿದ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡ್ತಾಳೆ.

ನಿಮ್ಮ ಆಫೀಸಿನ ಕಂಪ್ಯೂಟರ್ ಇವತ್ತೇ ತೆಗೆದು ನೋಡಿ. ಅಡ್ಮಿನ್ ಯಾರು ಅಂತ ಕಾಮೆಂಟಲ್ಲಿ ಹಾಕಿ. ಪಾಸ್‌ವರ್ಡ್ ಮಾತ್ರ ಹಾಕಬೇಡಿ!

ಜೈ ಭೀಮ್.